ಪಾಲ್ ಮೆಕಾರ್ಟ್ನಿಯ ಮೊದಲ ಸೋಲೋ ಆಲ್ಬಂ ಅರೆಬೆಂದ ಹಾಗೆ ಕೇಳಿಸುತ್ತದೆ, ಆದರೂ ಅದನ್ನು ಯಾಕೆ ಅಷ್ಟು ಹೊಗಳುತ್ತಾರೆ?

ನಿಮ್ಮ ಕಿವಿಯಲ್ಲೇನೂ ದೋಷವಿಲ್ಲ. ‘ಮೆಕಾರ್ಟ್ನಿ’ ಅರೆಬೆಂದ ಆಲ್ಬಮ್ಮೇ. 1970ರ ಏಪ್ರಿಲ್ 17ಕ್ಕೆ ಅದು ಅಂಗಡಿಗೆ ಬಂದಾಗಲೂ ಬಹಳ ಜನಕ್ಕೆ ಹಾಗೇ ಅನಿಸಿತ್ತು. ಪಾಲ್ ಇದ್ದ ಬೀಟಲ್ಸ್ ಬ್ಯಾಂಡಿನ ‘ಆಬ್ಬೀ ರೋಡ್’ ಬಂದು ಆಗಿನ್ನೂ ಏಳು ತಿಂಗಳೂ ತುಂಬಿರಲಿಲ್ಲ. ಅಷ್ಟು ನುಣುಪಾದ ಆಲ್ಬಂ ಕೇಳಿದ ಕಿವಿಗೆ ಇದು ಬಿದ್ದರೆ ‘ಇಷ್ಟೇನಾ?’ ಅನಿಸದೆ ಇರುತ್ತಾ?

ಎಲ್ಲ ವಾದ್ಯವನ್ನೂ ತಾನೇ ನುಡಿಸಿ, ತಾನೇ ಪ್ರೊಡ್ಯೂಸ್ ಮಾಡಿದ್ದಕ್ಕೇ ಈ ಹೊಗಳಿಕೆಯಾ ಅಂತಲೂ ಕೇಳಿದ್ದೀರಿ. ಕೆಲವರು ಅದಕ್ಕೇ ಹೊಗಳುತ್ತಾರೆ, ನಿಜ. ನನಗೆ ಅದು ದೊಡ್ಡ ಕಾರಣ ಅನಿಸುವುದಿಲ್ಲ. ಒಬ್ಬನೇ ಎಲ್ಲ ನುಡಿಸುವುದು ಸರ್ಕಸ್ ಆಗಿ ಚೆನ್ನ, ಆದರೆ ಕೇಳುವವನಿಗೆ ಅದರಿಂದ ಏನಾಗಬೇಕು? ನನಗೆ ಈ ಆಲ್ಬಂ ಇಷ್ಟವಾಗುವುದು ಬೇರೆ ವಿಷಯಕ್ಕೆ. ‘ಇದು ಇನ್ನೂ ಆಗಿಲ್ಲ, ಮತ್ತೊಂದು ಸಲ ನೋಡು’ ಅನ್ನುವವರು ಪಕ್ಕದಲ್ಲಿ ಯಾರೂ ಇಲ್ಲದಾಗ, ಅಷ್ಟು ದೊಡ್ಡ ಹಾಡುಗಾರ ಏನು ಮಾಡುತ್ತಾನೆ ಅನ್ನುವುದು ಇಲ್ಲಿ ಮುಚ್ಚುಮರೆಯಿಲ್ಲದೆ ಕೇಳಿಸುತ್ತದೆ. ಒಳ್ಳೆಯದೂ ಅದರಿಂದಲೇ, ಕೆಟ್ಟದ್ದೂ ಅದರಿಂದಲೇ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1969ರ ಸೆಪ್ಟೆಂಬರ್‌ನಲ್ಲಿ ಬೀಟಲ್ಸ್‌ನಲ್ಲಿ ಪಾಲ್ ಜೊತೆ ಹಾಡು ಬರೆಯುತ್ತಿದ್ದ ಜಾನ್ ಲೆನ್ನನ್ ‘ನಾನು ಬ್ಯಾಂಡ್ ಬಿಡುತ್ತೇನೆ’ ಅಂತ ಒಳಗೊಳಗೇ ಹೇಳಿಯಾಗಿತ್ತು. ಹೊರಗಿನವರಿಗೆ ಗೊತ್ತಿರಲಿಲ್ಲ. ಪಾಲ್, ಹೆಂಡತಿ ಲಿಂಡಾ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಸ್ಕಾಟ್ಲೆಂಡಿನ ಕಿನ್‌ಟೈರ್‌ನಲ್ಲಿದ್ದ ತನ್ನ ಫಾರ್ಮ್‌ಗೆ ಹೋಗಿ ಕೂತ. ಆ ದಿನಗಳಲ್ಲಿ ಕುಡಿತ ಜಾಸ್ತಿಯಾಗಿತ್ತು, ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಗಿತ್ತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ವರ್ಷದ ಕೊನೆಗೆ ಲಂಡನ್ನಿನ ಸೇಂಟ್ ಜಾನ್ಸ್ ವುಡ್ ಮನೆಗೆ ವಾಪಸ್ ಬಂದು, ಒಂದು ಸ್ಟುಡರ್ ಫೋರ್ ಟ್ರ್ಯಾಕ್ ಟೇಪ್ ಮೆಷೀನ್ (ನಾಲ್ಕು ಸದ್ದನ್ನು ಬೇರೆ ಬೇರೆಯಾಗಿ ಹಿಡಿದು ಒಟ್ಟಿಗೆ ಕೇಳಿಸುವ ಯಂತ್ರ) ತರಿಸಿಕೊಂಡ.

ಆಲ್ಬಂ ಹೀಗೆ ಕೇಳಿಸುವುದಕ್ಕೆ ಮೊದಲ ಕಾರಣ ಆ ಮೆಷೀನು. ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸರ್ ಇರಲಿಲ್ಲ. ದನಿ ಎಷ್ಟು ಜೋರಾಗಿ ಟೇಪಿಗೆ ಹೋಗುತ್ತಿದೆ ಅಂತ ತೋರಿಸುವ ವಿಯು ಮೀಟರೂ ಇರಲಿಲ್ಲ. ಒಂದು ಮೈಕ್ ತಂದು ಮೆಷೀನಿನ ಹಿಂಭಾಗಕ್ಕೆ ನೇರವಾಗಿ ಸಿಕ್ಕಿಸುವುದು, ರೆಕಾರ್ಡ್ ಮಾಡುವುದು, ಕೇಳುವುದು, ದನಿ ಒಡೆದರೆ ಮೈಕನ್ನು ಸ್ವಲ್ಪ ದೂರ ಇಡುವುದು. ಎಲ್ಲ ಅಂದಾಜಿನ ಮೇಲೆ. ಆಲ್ಬಂ ಜೊತೆ ಪತ್ರಿಕೆಗಳಿಗೆ ಕೊಟ್ಟ ಪ್ರಶ್ನೋತ್ತರದ ಹಾಳೆಯಲ್ಲಿ, ಯಾವ ಸಲಕರಣೆ ಬಳಸಿದಿರಿ ಅಂದರೆ, ಸ್ಟುಡರ್, ಒಂದು ಮೈಕು, ಜೊತೆಗೆ ಧೈರ್ಯ ಅನ್ನುವ ಅರ್ಥದ ಉತ್ತರ ಕೊಟ್ಟಿದ್ದಾನೆ.

ಮೆಷೀನ್ ಕೆಲಸ ಮಾಡುತ್ತದಾ ಅಂತ ನೋಡಲು ಮೊದಲು ಹಾಡಿದ್ದೇ ‘ದ ಲವ್ಲಿ ಲಿಂಡಾ’. ಮುಕ್ಕಾಲು ನಿಮಿಷವೂ ಇಲ್ಲ. ಕೊನೆಗೆ ಬಾಗಿಲು ಕಿರ್ ಅನ್ನುತ್ತದೆ, ಅವನು ನಗುತ್ತಾನೆ, ಹಾಡು ನಿಲ್ಲುತ್ತದೆ. ಬೇರೆ ಯಾರಾದರೂ ಅದನ್ನು ಅಳಿಸಿ ಹಾಕುತ್ತಿದ್ದರು. ಇವನು ಅದನ್ನೇ ಆಲ್ಬಮ್ಮಿನ ಮೊದಲ ಟ್ರ್ಯಾಕ್ ಮಾಡಿದ. ಇದು ಸೋಮಾರಿತನವೋ ಆಯ್ಕೆಯೋ ಅಂತ ಜಗಳ ಈಗಲೂ ಇದೆ. ನನ್ನ ಪ್ರಕಾರ ಆಯ್ಕೆ. ‘ಇದು ಮನೆ, ಸ್ಟುಡಿಯೋ ಅಲ್ಲ’ ಅಂತ ಬಾಗಿಲಲ್ಲೇ ಹೇಳಿಬಿಟ್ಟಿದ್ದಾನೆ.

ನಾನೂ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದರ ಮೇಲೊಂದು ಟ್ರ್ಯಾಕ್ ಹಾಕಿ ರೆಕಾರ್ಡ್ ಮಾಡುವವನು. ಹಾಗಾಗಿ ಈ ಕೆಲಸದ ತೊಡಕು ಎಲ್ಲಿದೆ ಅಂತ ಸ್ವಲ್ಪ ಗೊತ್ತು. ಬ್ಯಾಂಡ್‌ನಲ್ಲಿ ನುಡಿಸುವಾಗ ಡ್ರಮ್ಮರ್ ಹಾಡುಗಾರನ ಉಸಿರು ನೋಡಿಕೊಂಡು ನುಡಿಸುತ್ತಾನೆ, ಬೇಸ್‌ನವನು ಡ್ರಮ್ಮರನ ಕಾಲು ನೋಡುತ್ತಾನೆ. ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ. ಒಬ್ಬನೇ ಇದ್ದಾಗ ನೀವು ಯಾವಾಗಲೂ ಈಗಾಗಲೇ ಮುಗಿದುಹೋದದ್ದರ ಹಿಂದೆ ಓಡುತ್ತೀರಿ. ಮೊದಲು ಹಾಕಿದ ಟ್ರ್ಯಾಕ್ ನಿಮ್ಮ ಮಾತು ಕೇಳುವುದಿಲ್ಲ, ನೀವೇ ಅದರ ಮಾತು ಕೇಳಬೇಕು. ‘ಮೆಕಾರ್ಟ್ನಿ’ಯಲ್ಲಿ ಡ್ರಮ್ಸ್ ಗಮನವಿಟ್ಟು ಕೇಳಿ. ಲಯ ತಪ್ಪಿಲ್ಲ, ಆದರೆ ಹುರುಪು ಕಮ್ಮಿ. ಪಾಲ್ ಕೆಟ್ಟ ಡ್ರಮ್ಮರ್ ಏನಲ್ಲ. 1968ರಲ್ಲಿ ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸಿಟ್ಟು ಮಾಡಿಕೊಂಡು ಹೋಗಿದ್ದಾಗ ‘ಬ್ಯಾಕ್ ಇನ್ ದ ಯುಎಸ್ಎಸ್ಆರ್’, ‘ಡಿಯರ್ ಪ್ರೂಡೆನ್ಸ್’ ಎರಡರಲ್ಲೂ ಡ್ರಮ್ಸ್ ನುಡಿಸಿದವನು ಇವನೇ. ಆದರೆ ಅಲ್ಲಿ ಸುತ್ತ ಜನ ಇದ್ದರು.

ಅದೇ ಪ್ರಶ್ನೋತ್ತರದ ಹಾಳೆಯಲ್ಲಿ ಒಂದು ಪ್ರಶ್ನೆ ಇದೆ: ಉಳಿದ ಬೀಟಲ್ಸ್, ಅವರ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಇಲ್ಲ ಅನಿಸಿತಾ, ಉದಾಹರಣೆಗೆ ಇಲ್ಲಿ ರಿಂಗೋ ಇರಬೇಕಿತ್ತು ಅಂತ? ಉತ್ತರ ಒಂದೇ ಪದ, ಇಲ್ಲ. ಲೆನ್ನನ್ ಜೊತೆ ಮತ್ತೆ ಹಾಡು ಬರೆಯುತ್ತೀರಾ ಅನ್ನುವುದಕ್ಕೂ ಇಲ್ಲ. ಎರಡನೆಯದು ಮರುದಿನದ ಪತ್ರಿಕೆಗಳಲ್ಲಿ ‘ಪಾಲ್ ಬೀಟಲ್ಸ್ ಬಿಟ್ಟ’ ಅನ್ನುವ ಸುದ್ದಿಗೆ ದಾರಿ ಮಾಡಿತು. ಮೊದಲನೆಯದನ್ನು ಮಾತ್ರ ನಾನು ನಂಬುವುದಿಲ್ಲ. ಆಲ್ಬಮ್ಮೇ ಬೇರೆ ಉತ್ತರ ಕೊಡುತ್ತದೆ.

ಬೇಕಾದರೆ ‘ಟೆಡ್ಡಿ ಬಾಯ್’ ತಗೊಳ್ಳಿ. 1968ರಲ್ಲಿ ಬೀಟಲ್ಸ್ ಹೃಷಿಕೇಶಕ್ಕೆ ಮಹೇಶ್ ಯೋಗಿಯ ಆಶ್ರಮಕ್ಕೆ ಹೋಗಿದ್ದರಲ್ಲ, ಆಗ ಶುರುವಾದ ಹಾಡು ಅದು. 1969ರ ಜನವರಿಯಲ್ಲಿ ಬ್ಯಾಂಡ್ ಜೊತೆ ಅದನ್ನು ನುಡಿಸಿ ನೋಡಿದರು. ಆ ರೆಕಾರ್ಡಿಂಗ್ ಬೀಟಲ್ಸ್‌ನ ಹಳೆಯ ಟೇಪುಗಳ ಸಂಗ್ರಹ ‘ಆಂಥಾಲಜಿ 3’ರಲ್ಲಿ ಸಿಗುತ್ತದೆ. ಹಾಡಿನ ನಡುವೆ ಜಾನ್ ಸ್ಕ್ವೇರ್ ಡ್ಯಾನ್ಸ್ (ಅಮೆರಿಕದ ಜನಪದ ಕುಣಿತ) ಆಡಿಸುವವರ ಹಾಗೆ ಹೆಜ್ಜೆ ಕೂಗಿ ಹೇಳುತ್ತಾ ಗೇಲಿ ಮಾಡುತ್ತಾನೆ. ಕೇಳಿದರೆ ಪಾಪ ಅನಿಸುತ್ತದೆ, ಆದರೆ ಜಾನ್ ಹೇಳುತ್ತಿರುವುದರಲ್ಲಿ ಹುರುಳಿದೆ. ಹಾಡು ಉದ್ದವಾಯಿತು, ಎಲ್ಲಿಗೂ ಹೋಗುತ್ತಿಲ್ಲ. ಬ್ಯಾಂಡ್ ಅದನ್ನು ಕೈಬಿಟ್ಟಿತು. ಸೋಲೋ ಆಲ್ಬಮ್ಮಿಗೆ ಬಂದಾಗ ಗೇಲಿ ಮಾಡುವವರಿಲ್ಲ. ಹಾಡು ನೀಟಾಗಿ ಬಂದಿದೆ, ಎಲ್ಲಿಗೂ ಹೋಗದೆ ಹಾಗೇ ಮುಗಿಯುತ್ತದೆ.

‘ಜಂಕ್’ದು ಇದಕ್ಕೆ ತಿರುಗಾಮುರುಗಾ ಕಥೆ. ಅದೂ ಹೃಷಿಕೇಶದ ಕಾಲದ್ದೇ. ಅದರ ಡೆಮೋ (ಕರಡು ರೆಕಾರ್ಡಿಂಗ್) ಬೀಟಲ್ಸ್‌ನ ಗಿಟಾರ್‌ನವನು ಜಾರ್ಜ್ ಹ್ಯಾರಿಸನ್ ಮನೆಯಲ್ಲಿ ರೆಕಾರ್ಡ್ ಆಗಿತ್ತು, ಆದರೆ ಬೀಟಲ್ಸ್‌ನ ಯಾವ ಆಲ್ಬಮ್ಮಿನಲ್ಲೂ ಜಾಗ ಸಿಗಲಿಲ್ಲ. ನಾಲ್ವರ ನಡುವೆ ಕಳೆದುಹೋಗುವಷ್ಟು ಮೆಲುದನಿಯ ಹಾಡು. ಮನೆಯ ಮೈಕಿನ ಮುಂದೆ ಅದು ಉಸಿರಾಡುತ್ತದೆ. ಹಳೆಯ ಸಾಮಾನುಗಳ ಪಟ್ಟಿ ಕೊಡುತ್ತಾ ಕೊಡುತ್ತಾ ಎಷ್ಟು ಬೇಸರ ತುಂಬಿದ್ದಾನೆ ನೋಡಿ. ಸರಿ, ಅಷ್ಟಕ್ಕೆ ನಿಲ್ಲಿಸಿದನಾ? ಇಲ್ಲ. ಅದೇ ರಾಗವನ್ನು ‘ಸಿಂಗಲಾಂಗ್ ಜಂಕ್’ ಅಂತ ಮಾತಿಲ್ಲದೆ ಇನ್ನೊಂದು ಸಲ ಹಾಕಿದ್ದಾನೆ. 13 ಟ್ರ್ಯಾಕ್‌ಗಳಲ್ಲಿ 5 ಬರೀ ವಾದ್ಯದವು. ‘ಒಂದೇ ರಾಗ ಎರಡು ಸಲ ಯಾಕಪ್ಪಾ?’ ಅಂತ ಕೇಳಲು ಜಾರ್ಜ್ ಮಾರ್ಟಿನ್ ಅಲ್ಲಿರಬೇಕಿತ್ತು. (ತಮಾಷೆ ಅಂದರೆ, ನನಗೆ ಆ ಎರಡನೆಯದೇ ಹೆಚ್ಚು ಇಷ್ಟ.)

ಕೊನೆಯ ಟ್ರ್ಯಾಕ್ ‘ಕ್ರೀನ್ ಅಕ್ರೋರ್’ ನಿಮಗೆ ಅಸಂಬದ್ಧ ಅನಿಸಿರಬೇಕು. ಬ್ರೆಜಿಲ್ಲಿನ ಒಂದು ಬುಡಕಟ್ಟಿನ ಬಗ್ಗೆ ಟಿವಿಯಲ್ಲಿ ಡಾಕ್ಯುಮೆಂಟರಿ ನೋಡಿ, ಮರುದಿನವೇ ಡ್ರಮ್ಸ್ ಬಡಿಯಲು ಕೂತದ್ದು ಅದು. ಬೇಟೆಯ ಸದ್ದಿಗೆ ಸ್ಟುಡಿಯೋಗೆ ಬಿಲ್ಲುಬಾಣ ತಂದರು, ಬಿಲ್ಲು ಮುರಿದುಹೋಯಿತು. ಅಲ್ಲೇ ಬೆಂಕಿಯನ್ನೂ ಹೊತ್ತಿಸಿದರು, ಕೊನೆಗೆ ಬಳಸಿದ್ದು ಕಡ್ಡಿ ಮುರಿಯುವ ಸದ್ದು ಮಾತ್ರ. ಕೇಳಲು ಚೆನ್ನಾಗಿದೆಯಾ? ನನಗಂತೂ ಇಲ್ಲ. ಇದಕ್ಕಿಂತ ಗಮ್ಮತ್ತು ‘ಮಾಮಾ ಮಿಸ್ ಅಮೆರಿಕಾ’. ಶುರುವಿನಲ್ಲಿ ‘ರಾಕ್ ಎನ್ ರೋಲ್ ಸ್ಪ್ರಿಂಗ್‌ಟೈಮ್, ಟೇಕ್ ಒನ್’ ಅಂತ ಕೇಳಿಸುತ್ತದೆ. ಹಾಡಿನ ಹೆಸರು ಬದಲಾಯಿತು, ಟೇಪಿನ ಮೇಲಿನ ಮಾತು ಹಾಗೇ ಉಳಿಯಿತು.

ಆದರೆ ಎಲ್ಲವೂ ಮನೆಯಲ್ಲೇ ಆಯಿತು ಅನ್ನುವುದು ಪೂರ್ತಿ ನಿಜವಲ್ಲ. 1970ರ ಫೆಬ್ರವರಿಯಲ್ಲಿ ಪಾಲ್ ಟೇಪ್ ಎತ್ತಿಕೊಂಡು ವಿಲ್ಸ್‌ಡನ್‌ನ ಮಾರ್ಗನ್ ಸ್ಟುಡಿಯೋಗೆ ಹೋದ. ಗುಟ್ಟಾಗಿರಲಿ ಅಂತ ಬಿಲ್ಲಿ ಮಾರ್ಟಿನ್ ಅನ್ನುವ ಹೆಸರಿನಲ್ಲಿ ಬುಕ್ ಮಾಡಿಸಿದ್ದ. ಅಲ್ಲಿ 4 ಟ್ರ್ಯಾಕನ್ನು 8 ಟ್ರ್ಯಾಕ್ ಟೇಪಿಗೆ ಇಳಿಸಿಕೊಂಡರೆ ಇನ್ನೂ 4 ಖಾಲಿ ಸಿಗುತ್ತಿದ್ದವು. ಆಮೇಲೆ ಆಬ್ಬೀ ರೋಡಿನ ಇಎಂಐ ಸ್ಟುಡಿಯೋಗೂ ಹೋದ. ಅಲ್ಲಿ ಎಂಜಿನಿಯರ್‌ಗಳಿದ್ದರು, ಒಳ್ಳೆಯ ಪಿಯಾನೋ ಇತ್ತು. ಫೆಬ್ರವರಿ 22ಕ್ಕೆ ಅಲ್ಲಿ ರೆಕಾರ್ಡ್ ಮಾಡಿದ್ದು ‘ಮೇಬಿ ಐಯಾಮ್ ಅಮೇಜ್ಡ್’. ಅಲ್ಲೂ ವಾದ್ಯವೆಲ್ಲ ಅವನದೇ, ಲಿಂಡಾ ದನಿಗೆ ದನಿ ಸೇರಿಸಿದ್ದಾಳೆ ಅಷ್ಟೇ. ಆದರೆ ಈ ಹಾಡಿಗೆ ಮನೆಯ ಒಂದು ಮೈಕು ಸಾಲದು ಅಂತ ಅವನಿಗೆ ಗೊತ್ತಿತ್ತು ಅನ್ನುವುದು ಮೊದಲ ಸಾಲಿಗೇ ತಿಳಿಯುತ್ತದೆ. ಗಂಟಲು ಹರಿಯುವ ಹಾಗೆ ಹಾಡಿದ್ದಾನೆ. ಆ ಗಿಟಾರ್ ಸೋಲೋವನ್ನು ಯಾವ ಬ್ಯಾಂಡೂ ಬೇಡ ಅನ್ನುತ್ತಿರಲಿಲ್ಲ. ವಿಚಿತ್ರ ಏನೆಂದರೆ ಇದನ್ನು ಆಗ ಸಿಂಗಲ್ (ಒಂದು ಹಾಡಿನ ಬಿಡಿ ರೆಕಾರ್ಡ್) ಆಗಿ ಬಿಡಲೇ ಇಲ್ಲ. ಪಾಲ್ ಆಮೇಲೆ ಕಟ್ಟಿದ ವಿಂಗ್ಸ್ ಬ್ಯಾಂಡ್ ವೇದಿಕೆಯಲ್ಲಿ ನುಡಿಸಿದ್ದು 1977ರಲ್ಲಿ ಸಿಂಗಲ್ ಆಗಿ ಬಂದು, ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಹೋಯಿತು.

ಬಿಡುಗಡೆಯ ದಿನಾಂಕಕ್ಕೂ ಜಗಳವಾಯಿತು. ಬೀಟಲ್ಸ್‌ನ ‘ಲೆಟ್ ಇಟ್ ಬಿ’ ಆಲ್ಬಮ್ಮಿಗೆ ಅಡ್ಡವಾಗುತ್ತದೆ, ಮುಂದಕ್ಕೆ ಹಾಕು ಅಂತ ಜಾನ್ ಮತ್ತು ಜಾರ್ಜ್ ಪತ್ರ ಬರೆದರು. ಅದನ್ನು ಕೊಡಲು ಮನೆಗೆ ಬಂದ ರಿಂಗೋನನ್ನು ಪಾಲ್ ಕೂಗಾಡಿ ಹೊರಗೆ ಕಳಿಸಿದ. ಪಾಪ, ವಾಪಸ್ ಹೋಗಿ ‘ಅವನು ಹೇಳಿದ ದಿನವೇ ಬರಲಿ ಬಿಡಿ’ ಅಂತ ಉಳಿದವರಿಗೆ ಹೇಳಿದವನೂ ರಿಂಗೋನೇ. ಅಮೆರಿಕದಲ್ಲಿ ಆಲ್ಬಂ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಬ್ರಿಟನ್ನಿನಲ್ಲಿ ಎರಡನೆಯದು.

ಇದನ್ನು ಅದೇ ವರ್ಷದ ಉಳಿದ ಆಲ್ಬಂಗಳ ಪಕ್ಕ ಇಟ್ಟು ಕೇಳಿದರೆ ಜಾಸ್ತಿ ಅರ್ಥವಾಗುತ್ತದೆ. ಜಾರ್ಜ್ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ಗೆ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್‌ನನ್ನು ಕರೆದು, ಸ್ಟುಡಿಯೋ ತುಂಬ ಜನ ಸೇರಿಸಿದ. ಜಾನ್ ‘ಪ್ಲಾಸ್ಟಿಕ್ ಓನೋ ಬ್ಯಾಂಡ್’ನಲ್ಲಿ ಎಲ್ಲ ಕಳಚಿ ಹಾಕಿದ, ಆದರೂ ಡ್ರಮ್ಸ್‌ಗೆ ರಿಂಗೋ, ಬೇಸ್‌ಗೆ ಕ್ಲಾಸ್ ಫೋರ್ಮನ್ ಬೇಕಾದರು. ಪೂರ್ತಿ ಒಂಟಿಯಾಗಿ ಕೂತವನು ಪಾಲ್ ಒಬ್ಬನೇ. ಅದೂ ನಾಲ್ವರಲ್ಲಿ ಬ್ಯಾಂಡ್ ಉಳಿಯಲಿ ಅಂತ ಎಲ್ಲರಿಗಿಂತ ಹೆಚ್ಚು ಒದ್ದಾಡಿದವನು.

ಇನ್ನೊಂದು ಅವಕಾಶ ಕೊಡುವುದಾದರೆ ಪೂರ್ತಿ ಕೇಳಬೇಡಿ. ‘ಎವ್ರಿ ನೈಟ್’, ‘ಜಂಕ್’, ‘ಮ್ಯಾನ್ ವಿ ವಾಸ್ ಲೋನ್ಲಿ’, ‘ಮೇಬಿ ಐಯಾಮ್ ಅಮೇಜ್ಡ್’, ಇಷ್ಟು ಸಾಕು. ಹೆಡ್‌ಫೋನ್ ಹಾಕಿಕೊಳ್ಳಿ, ಬೇಸ್ ಮೇಲೆ ಕಿವಿ ಇಡಿ. ಆಗಲೂ ಹಿಡಿಸದಿದ್ದರೆ ಸೀದಾ 1971ರ ‘ರ‍್ಯಾಮ್’ಗೆ ಹೋಗಿ. ಅದಕ್ಕೆ ಪಾಲ್ ನ್ಯೂಯಾರ್ಕಿಗೆ ಹೋಗಿ ಡ್ರಮ್ಮರ್‌ನನ್ನೂ ಗಿಟಾರ್‌ನವರನ್ನೂ ಹುಡುಕಿ ಸೇರಿಸಿಕೊಂಡ.