ಡಿವಿಡಿ ಓಡುತ್ತದೆ, ಫೋನಿನ ವಿಡಿಯೊ ಯಾಕೆ ನಿಂತು ನಿಂತು ಬರುತ್ತದೆ?

ಪ್ರಶ್ನೆ: ಸರ್, ನನ್ನದು 2012ರ ಲ್ಯಾಪ್‌ಟಾಪ್. ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಅಕ್ಕನ ಮದುವೆಯ ಡಿವಿಡಿ ಚೆನ್ನಾಗಿ ಓಡುತ್ತದೆ. ಆದರೆ ನನ್ನ ತಮ್ಮ ತನ್ನ ಹೊಸ ಫೋನಿನಲ್ಲಿ ತೆಗೆದ ನಾಮಕರಣದ ವಿಡಿಯೊದಲ್ಲಿ ಸೌಂಡ್ ಮುಂದೆ ಹೋಗುತ್ತದೆ, ಚಿತ್ರ ನಿಂತುಬಿಡುತ್ತದೆ. ಅದೂ ಎಂಪಿ4 ಫೈಲೇ. ಕೋಡೆಕ್ ಪ್ಯಾಕ್ ಹಾಕಬೇಕಾ? ಎರಡನ್ನೂ ಸೇರಿಸಿ ಒಂದೇ ವಿಡಿಯೊ ಮಾಡುವ ಆಸೆ.

ಉತ್ತರ: ಕೋಡೆಕ್ ಅಂದರೆ ವಿಡಿಯೊವನ್ನು ಸಣ್ಣದಾಗಿ ಹಿಂಡಿ, ಓಡಿಸುವಾಗ ಮತ್ತೆ ಬಿಡಿಸುವ ವಿಧಾನ. ಅದರ ಪ್ಯಾಕ್ ಸಹವಾಸ ಬೇಡ. ನಾನೂ ಹಿಂದೊಮ್ಮೆ ಯಾವುದೋ ಸೈಟಿನಿಂದ ಹಾಕಿಕೊಂಡಿದ್ದೆ, ವಿಡಿಯೊ ಓಡಲಿಲ್ಲ, ಬ್ರೌಸರ್ ತುಂಬ ಜಾಹೀರಾತು ಬಂದು ಕೂತಿತು.

ಎಂಪಿ4 ಅನ್ನೋದು ಬರೀ ಡಬ್ಬಿ. ನಮ್ಮ ಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ ಇರುತ್ತದಲ್ಲ, ಹಾಗೆ, ಹೆಸರು ನೋಡಿದರೆ ಒಳಗಿರೋದು ಗೊತ್ತಾಗಲ್ಲ. ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ಹಾಕಿ ಕಂಟ್ರೋಲ್ ಮತ್ತು ಜೆ ಒತ್ತಿ. ಡಿವಿಡಿಯಲ್ಲಿರೋದು ಹಳೇ ಎಂಪೆಗ್-2 ಕೋಡೆಕ್. ಹಳೇ ಎಂಪಿ4 ಫೈಲಿನಲ್ಲಿ ಸಾಮಾನ್ಯವಾಗಿ ಎಚ್.264 ಅಂತ ಕಾಣುತ್ತದೆ, ಅದು 2003ರದ್ದು. ಎರಡೂ ನಿಮ್ಮ ಚಿಪ್ಪಿಗೆ ಚೆನ್ನಾಗಿ ಗೊತ್ತು. ತಮ್ಮನ ಫೈಲಿನಲ್ಲಿ ಬಹುಶಃ ಎಚ್.265 ಅಥವಾ ಎಚ್‌ಇವಿಸಿ ಅಂತ ಇರುತ್ತದೆ, ಜೊತೆಗೆ 4ಕೆ ಕೂಡ. ಇದು ಬಂದದ್ದೇ 2013ರಲ್ಲಿ. ಇದನ್ನು ಬಿಡಿಸುವ ಭಾಗ ಇಂಟೆಲ್ ಚಿಪ್ಪುಗಳಿಗೆ ಪೂರ್ತಿಯಾಗಿ ಸೇರಿದ್ದು 2015ರ ಆರನೇ ತಲೆಮಾರಿನಿಂದ. ಹಾಗಾಗಿ ನಿಮ್ಮ ಐ3 ಎಲ್ಲ ಲೆಕ್ಕವನ್ನೂ ತಾನೇ ಹಾಕಬೇಕು. ಸೌಂಡಿನ ಲೆಕ್ಕ ಸಣ್ಣದು, ಅದು ಮುಂದೆ ಓಡುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಪ್ಲೇಯರ್ ಬದಲಿಸಿದರೆ ಇದು ಹೋಗಲ್ಲ.

ಇನ್ನು ಮುಂದೆ ತೆಗೆಯುವುದಕ್ಕಾದರೆ ತಮ್ಮನಿಗೆ ಹೇಳಿ, ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಚ್.264, 1080ಪಿ ಇಟ್ಟುಕೊಳ್ಳಲಿ. ಐಫೋನ್ ಆದರೆ ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪಾಟಿಬಲ್'. ಆಗಲೇ ತೆಗೆದದ್ದನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟು 'ಫಾಸ್ಟ್ 1080ಪಿ30' ಆರಿಸಿ. ಅಲ್ಲೇ ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದನ್ನು) 'ಕಾನ್‌ಸ್ಟಂಟ್' ಮಾಡಲು ಮರೆಯಬೇಡಿ. ಫೋನು ಬೆಳಕು ನೋಡಿಕೊಂಡು ಫ್ರೇಮ್ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ, ಅದನ್ನು ಹಾಗೇ ಎಡಿಟಿಂಗಿಗೆ ತಂದರೆ ಹತ್ತು ನಿಮಿಷ ಆದಮೇಲೆ ಪುರೋಹಿತರ ಬಾಯಿಗೂ ಮಂತ್ರಕ್ಕೂ ಸಂಬಂಧವೇ ಇರಲ್ಲ.

ಮದುವೆ ಡಿವಿಡಿಯನ್ನೂ ಹ್ಯಾಂಡ್‌ಬ್ರೇಕ್‌ನಲ್ಲೇ ತೆರೆಯಿರಿ, ಆದರೆ ಒಂದೊಂದು ವಿಒಬಿ ಫೈಲ್ ಅಲ್ಲ, ಇಡೀ 'ವಿಡಿಯೊ_ಟಿಎಸ್' ಫೋಲ್ಡರ್. ಒಂದೇ ವಿಡಿಯೊವನ್ನು ಹತ್ತಿರ ಹತ್ತಿರ 1 ಜಿಬಿಯ ತುಂಡು ಮಾಡಿಟ್ಟಿರುತ್ತಾರೆ, ಫೋಲ್ಡರ್ ಕೊಟ್ಟರೆ ಅದೇ ಸೇರಿಸಿಕೊಳ್ಳುತ್ತದೆ. ಓಡಾಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಕಂಡರೆ ಫಿಲ್ಟರ್ಸ್‌ನಲ್ಲಿ 'ಡಿಇಂಟರ್‌ಲೇಸ್' ಹಾಕಿ. ನಮ್ಮ ಕಡೆಯ ಡಿವಿಡಿ ಸಾಮಾನ್ಯವಾಗಿ 720×576. ದೊಡ್ಡದು ಮಾಡಿದರೆ ಸ್ಪಷ್ಟ ಆಗಲ್ಲ, ಸುಮ್ನೆ ಫೈಲ್ ಊದಿಕೊಳ್ಳುತ್ತದೆ.

ಬರೀ ಮುಂದೆ ಹಿಂದೆ ಕತ್ತರಿಸುವುದಾದರೆ ಎವಿಡೆಮಕ್ಸ್ ಎಂಬ ತಂತ್ರಾಂಶ ಸಾಕು. 'ಕಾಪಿ'ಯಲ್ಲೇ ಬಿಟ್ಟರೆ ಕ್ಷಣದಲ್ಲಿ ಮುಗಿಯುತ್ತದೆ, ಗುಣಮಟ್ಟವೂ ಇಳಿಯಲ್ಲ. ಕೀಫ್ರೇಮ್ (ನಡುನಡುವೆ ಪೂರ್ತಿಯಾಗಿ ಉಳಿಸಿಟ್ಟ ಚಿತ್ರ) ಇರುವ ಕಡೆ ಮಾತ್ರ ಕತ್ತರಿಸಬೇಕು ಅನ್ನೋದೊಂದೇ ಕಿರಿಕಿರಿ. ಎರಡೂ ವಿಡಿಯೊ ಸೇರಿಸಿ, ಹೆಸರು ಹಾಕಿ, ಹಾಡು ಕೂಡಿಸೋದಕ್ಕೆ ಶಾಟ್‌ಕಟ್ ಎಂಬ ಎಡಿಟಿಂಗ್ ತಂತ್ರಾಂಶ ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ 'ಪ್ರಾಕ್ಸಿ' ಆನ್ ಮಾಡಿದರೆ ಎಡಿಟಿಂಗಿಗೆ ಸಣ್ಣ ನಕಲು ಮಾಡಿಕೊಂಡು, ಕೊನೆಗೆ ಅಸಲಿನಿಂದಲೇ ಫೈಲ್ ತಯಾರಿಸುತ್ತದೆ. ನಿಮ್ಮ 4 ಜಿಬಿ ರ‍್ಯಾಮ್ ಕಡಿಮೆಯೇ, ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 4 ಜಿಬಿ ಹಾಕಿಸಿ.

ಕೊನೆಯ ಎಕ್ಸ್‌ಪೋರ್ಟ್ ರಾತ್ರಿ ಮಲಗುವಾಗ ಹಚ್ಚಿಬಿಡಿ, ಚಾರ್ಜರ್ ಹಾಕಿ, ಸ್ಲೀಪ್ ಆಫ್ ಮಾಡಿ. ಲ್ಯಾಪ್‌ಟಾಪ್ ಟೇಬಲ್ ಮೇಲಿರಲಿ, ಹಾಸಿಗೆ ಮೇಲಿಟ್ಟರೆ ಗಾಳಿ ಕಟ್ಟಿ ಮಧ್ಯರಾತ್ರಿ ತಾನೇ ಆಫ್ ಆಗಿರುತ್ತದೆ.