ಓದುಗರ ಪ್ರಶ್ನೆ: ಹಳದಿ ವಜ್ರ ಎಲ್ಲಿ ಅಗ್ಗ, ಎಲ್ಲಿ ದುಬಾರಿ?

ಪ್ರಶ್ನೆ: ಅಜ್ಜಿಯ ಉಂಗುರದ ವಜ್ರಕ್ಕೆ ತುಸು ಹಳದಿ ಛಾಯೆ ಇದೆ. ಖಡೇಬಜಾರಿನ ಸರಾಫರೊಬ್ಬರು ‘ಹಳದಿ ಐತಿ, ರೇಟು ಬರೂದಿಲ್ಲ’ ಅಂದರು. ಹಳದಿ ವಜ್ರ ಭಾರಿ ದುಬಾರಿ ಎಂದು ಕೇಳಿದ್ದೆವಲ್ಲ? (ಬೆಳಗಾವಿ)

ಉತ್ತರ: ಎರಡೂ ನಿಜ. ವಜ್ರ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಜಿಐಎಯ ಮಾಪನದಲ್ಲಿ ವಜ್ರದ ಬಣ್ಣಕ್ಕೆ ‘ಡಿ’ಯಿಂದ ‘ಝೆಡ್’ವರೆಗೆ ದರ್ಜೆಗಳಿವೆ. ಡಿ ಎಂದರೆ ಬಣ್ಣವೇ ಇಲ್ಲದ ಕಲ್ಲು. ಕೆಳಗಿಳಿದಂತೆ ಹಳದಿ ಇಲ್ಲವೇ ಕಂದು ಛಾಯೆ ಹೆಚ್ಚುತ್ತದೆ, ಬೆಲೆ ಇಳಿಯುತ್ತದೆ. ಝೆಡ್ ದಾಟಿತೋ, ಲೆಕ್ಕ ಉಲ್ಟಾ. ಅಲ್ಲಿಂದ ಫ್ಯಾನ್ಸಿ ಲೈಟ್, ಫ್ಯಾನ್ಸಿ, ಫ್ಯಾನ್ಸಿ ಇಂಟೆನ್ಸ್, ಫ್ಯಾನ್ಸಿ ವಿವಿಡ್ ಎಂದು ಬಣ್ಣ ತುಂಬಿದಷ್ಟೂ ದರ ಏರುತ್ತದೆ. ಬಣ್ಣದ ಹೆಸರನ್ನು ಪೂರ್ತಿ ಓದಿ: ‘ಬ್ರೌನಿಶ್ ಯೆಲ್ಲೋ’ ಎಂದಿದ್ದರೆ ಕಂದು ಬೆರೆತಿದೆ, ಅಚ್ಚ ಹಳದಿಯ ಬೆಲೆ ಬಾರದು.

ಹಳದಿಗೆ ಕಾರಣ ನೈಟ್ರೋಜನ್. ಅದರ ಪರಮಾಣುಗಳು ಗುಂಪುಗೂಡಿದ್ದರೆ ಸಾಮಾನ್ಯವಾಗಿ ಮಸುಕು ಹಳದಿ. ಒಂಟೊಂಟಿಯಾಗಿ ಹರಡಿದ್ದರೆ ನೀಲಿ ಬೆಳಕನ್ನು ಹೆಚ್ಚು ಹೀರಿ ಕಡುಹಳದಿ. ಈ ಎರಡನೆಯ ಬಗೆ ನಿಸರ್ಗದಲ್ಲಿ ತೀರ ಅಪರೂಪ. ಮಸುಕು ಕಲ್ಲುಗಳು ದಕ್ಷಿಣ ಆಫ್ರಿಕಾದಿಂದ ಹೇರಳವಾಗಿ ಬಂದವು, ವ್ಯಾಪಾರದಲ್ಲಿ ಅವಕ್ಕೆ ‘ಕೇಪ್’ ಎಂಬ ಹೆಸರೇ ಉಳಿದಿದೆ. ಪ್ರಸಿದ್ಧ ಟಿಫನಿ ಹಳದಿ ವಜ್ರ ಸಿಕ್ಕಿದ್ದೂ ಅಲ್ಲಿನ ಕಿಂಬರ್ಲಿಯಲ್ಲೇ, 1877ರಲ್ಲಿ; 287.42 ಕ್ಯಾರೆಟ್‌ನ ಕಚ್ಚಾ ಕಲ್ಲು ಕತ್ತರಿಸಿದ ಮೇಲೆ 128.54ಕ್ಕೆ ಇಳಿಯಿತು. ಹಾಗೆಂದು ಫ್ಯಾನ್ಸಿ ಹಳದಿಯನ್ನು ಗುಲಾಬಿ, ನೀಲಿ ವಜ್ರಗಳ ಸಾಲಿಗೆ ಸೇರಿಸಬೇಡಿ. ಬಣ್ಣದ ವಜ್ರಗಳಲ್ಲಿ ಹೆಚ್ಚು ಸಿಗುವುದು ಕಂದು ಮತ್ತು ಹಳದಿಯೇ.

ನಿಮ್ಮ ಕಲ್ಲನ್ನು ಉಂಗುರದಲ್ಲಿಟ್ಟೇ ಅಳೆಯಲಾಗದು. ಬಂಗಾರದ ಹಳದಿ ಅದರೊಳಗೆ ಪ್ರತಿಫಲಿಸುತ್ತದೆ. ಪತ್ತಾರರಿಂದ ಬಿಚ್ಚಿಸಿ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆತ್ತನೆ ಬ್ರಷ್‌ನಿಂದ ಜಿಡ್ಡು ತೆಗೆಯಿರಿ. ಬೆಳ್ಳನೆ ಕಾಗದವನ್ನು ನಡುವೆ ಮಡಚಿ, ಆ ಮಡಿಕೆಯಲ್ಲಿ ಕಲ್ಲನ್ನು ಬೋರಲಾಗಿ ಇಟ್ಟು, ನೇರ ಬಿಸಿಲು ಬೀಳದ ಹಗಲಿನಲ್ಲಿ ಪಕ್ಕದಿಂದ ನೋಡಿ. ಪಕ್ಕದಿಂದಷ್ಟೇ ಹಳದಿ, ಮೇಲಿಂದ ಬಿಳಿ ಎನಿಸಿದರೆ ಕೇಪ್ ಎಂದೇ ತಿಳಿಯಿರಿ. ಮೇಲಿಂದಲೇ ಹಳದಿ ಎದ್ದು ಕಂಡರೆ ಮಾತ್ರ ವಜ್ರ ಪರೀಕ್ಷಿಸುವ ಲ್ಯಾಬಿಗೆ ಶುಲ್ಕ ಕೊಡುವುದು ಸಾರ್ಥಕ. ಫ್ಯಾನ್ಸಿ ಬಣ್ಣವನ್ನು ಲ್ಯಾಬಿನವರೂ ಮೇಲಿಂದಲೇ ಅಳೆಯುತ್ತಾರೆ. ಹಳೆ ಒಡವೆಯ ಹಿಂಬದಿ ಮುಚ್ಚಿದ್ದರೆ ಬಿಚ್ಚುವ ಮುನ್ನ ನೀರಿಗೆ ಹಾಕಲೇಬೇಡಿ: ಒಳಗಿನ ತಗಡಿನ ಹಾಳೆ ಕಪ್ಪಾಗುತ್ತದೆ.

ಪ್ರಶ್ನೆ: ಒಂದು ಕ್ಯಾರೆಟ್ ‘ಫ್ಯಾನ್ಸಿ ವಿವಿಡ್’ ಹಳದಿ ವಜ್ರ ಬಹಳ ಅಗ್ಗಕ್ಕೆ ಸಿಗುತ್ತಿದೆ. ಟೆಸ್ಟರ್ ‘ಬೀಪ್’ ಅಂತು, ಹಾಲ್‌ಮಾರ್ಕೂ ಇದೆ. ನಂಬಬಹುದೇ? (ವಿಜಯಪುರ)

ಉತ್ತರ: ಇಷ್ಟರಿಂದಲೇ ನಂಬಬೇಡಿ. ಹಾಲ್‌ಮಾರ್ಕ್ ಹೇಳುವುದು ಬಂಗಾರದ ಶುದ್ಧತೆಯನ್ನಷ್ಟೇ. ಸಾಮಾನ್ಯ ಟೆಸ್ಟರ್ ಶಾಖ ಹರಿಯುವುದನ್ನು ಅಳೆಯುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ವಜ್ರ ಇರಲಿ, ವಜ್ರವೇ ಅಲ್ಲದ, ಅದರಂತೆ ಕಾಣುವ ಮಾಯ್ಸನೈಟ್ ಕಲ್ಲು ಕೂಡ ಅದರಲ್ಲಿ ಪಾಸಾಗುತ್ತದೆ. ಲ್ಯಾಬಿನಲ್ಲಿ ಹಳದಿ ವಜ್ರ ಬೆಳೆಸುವುದು ಸಲೀಸು. ಅಧಿಕ ಒತ್ತಡ, ಅಧಿಕ ಶಾಖದ ವಿಧಾನದಲ್ಲಿ ಗಾಳಿಯ ನೈಟ್ರೋಜನ್ ತಾನಾಗಿ ಒಳಸೇರುತ್ತದೆ. ಬಿಳಿ ಬೇಕೆಂದರೇ ಅದನ್ನು ಹಿಡಿದಿಡಲು ಅಲ್ಯೂಮಿನಿಯಂ, ಟೈಟಾನಿಯಂನಂಥ ಲೋಹ ಬೆರೆಸಬೇಕು. ಅಲ್ಲಿ ‘ವಿವಿಡ್’ ಎಂದರೆ ಅಪರೂಪವೆಂದೇನೂ ಅಲ್ಲ.

ಇನ್ನು ಮಸುಕು ನೈಸರ್ಗಿಕ ಕಲ್ಲಿಗೆ ವಿಕಿರಣ, ಶಾಖ ಕೊಟ್ಟು ಇಲ್ಲವೇ ಲೇಪ ಹಚ್ಚಿ ಬಣ್ಣ ಏರಿಸುವುದೂ ಉಂಟು. ಆದ್ದರಿಂದ ಪರೀಕ್ಷಾ ಲ್ಯಾಬಿನ ರಿಪೋರ್ಟ್ ಕೇಳಿ, ಅದರಲ್ಲಿ ಎರಡು ಬೇರೆ ಸಂಗತಿ ನೋಡಿ: ಕಲ್ಲು ನೈಸರ್ಗಿಕವೇ, ಬಣ್ಣದ ಮೂಲವೂ ನೈಸರ್ಗಿಕವೇ. ರಿಪೋರ್ಟ್ ಸಂಖ್ಯೆಯನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ನೀವೇ ಹಾಕಿ ತೂಕ, ಅಳತೆ ತಾಳೆ ನೋಡಿ. ಕಲ್ಲಿನ ಅಂಚಿನಲ್ಲಿ ಆ ಸಂಖ್ಯೆ ಕೊರೆದಿದ್ದರೆ 10 ಪಟ್ಟು ಹಿಗ್ಗಿಸಿ ತೋರುವ ಲೂಪ್‌ನಲ್ಲಿ (ಸರಾಫರ ಭೂತಗನ್ನಡಿ) ಓದಿಸಿ.

ಪ್ರಶ್ನೆ: ಫ್ಯಾನ್ಸಿ ಲೈಟ್ ಹಳದಿ ಕಲ್ಲಿದೆ. ಉಂಗುರ ಹೇಗೆ ಮಾಡಿಸಲಿ? (ಇಳಕಲ್)

ಉತ್ತರ: ಕಲ್ಲಿನ ಕೆಳಗಿನ ಬಟ್ಟಲು 18 ಕ್ಯಾರೆಟ್ ಹಳದಿ ಬಂಗಾರದ್ದಿರಲಿ, ಬಣ್ಣ ತುಂಬಿದಂತೆ ಕಾಣುತ್ತದೆ. 22 ಕ್ಯಾರೆಟ್ ಮೆತ್ತಗೆ, ಕಲ್ಲನ್ನು ಕಚ್ಚಿಕೊಂಡಿರುವ ಹಿಡಿಗಳು ಬೇಗ ಸಡಿಲವಾಗುತ್ತವೆ. ಮುಂದೆ ಉಂಗುರ ಬೆಸುಗೆಗೆ ಹೋದಾಗ ಕಲ್ಲನ್ನು ಮೊದಲು ತೆಗೆಸಿ. ಪತ್ತಾರರ ಗ್ಯಾಸ್ ಜ್ವಾಲೆಗೆ ಲೇಪದ ಬಣ್ಣ ಸುಟ್ಟುಹೋಗುತ್ತದೆ, ವಿಕಿರಣದ ಬಣ್ಣ ಬದಲಾಗಬಹುದು. ಅಸಲಿ ವಜ್ರದ ಮೈಯೂ ಬಿಳಿಚಿ ಮಂಕಾಗಬಹುದು, ಆಗ ಮರಳಿ ಪಾಲಿಶ್ ಮಾಡಿಸದೆ ಗತಿಯಿಲ್ಲ.