ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಓಎಸ್ ಹಾಕುವ ಮೊದಲು ಅದರ ಡಿಸ್ಕನ್ನು ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಒಳಗೆ ಯಾರೋ ಹಾಕಿದ್ದ ವಿಂಡೋಸ್ 7. ಕನ್ನಡ ಎಂ.ಎ. ಓದುತ್ತಿರುವ ಮಗಳ ಸಂಪ್ರಬಂಧದ ಟೈಪಿಂಗಿಗೂ ಇಂಟರ್ನೆಟ್ಟಿಗೂ ಅದು ಸಾಕಾಗಬೇಕು. ಆದರೆ ಹೊಸದಾಗಿ ಓಎಸ್ (ವಿಂಡೋಸಿನಂಥ ಆಪರೇಟಿಂಗ್ ಸಿಸ್ಟಂ) ಹಾಕಲು ಎರಡು ಸಲ ಪ್ರಯತ್ನಿಸಿದರೂ ಕೆಲಸ ಅರ್ಧಕ್ಕೆ ನಿಂತಿದೆ, ಹೀಗಾಗಿ ಪೆನ್‌ಡ್ರೈವ್ ಬದಲಿಸಬೇಕೇ, ಇಲ್ಲವೇ ಬೇರೆ ಓಎಸ್ ಆರಿಸಬೇಕೇ ಎಂದು ನೀವು ಕೇಳಿದ್ದೀರಿ. ಎರಡಕ್ಕೂ ಉತ್ತರ ಬರೆಯುತ್ತೇನೆ. ಆದರೆ ಮೂರನೆಯ ಸಲ ಪ್ರಯತ್ನಿಸುವ ಮೊದಲು ದಯವಿಟ್ಟು ಹಾರ್ಡ್ ಡಿಸ್ಕನ್ನು ಪರೀಕ್ಷಿಸಿ, ಏಕೆಂದರೆ ನೀವು ಹೇಳಿದ ಲಕ್ಷಣವನ್ನು ನಾನು ಹಲವು ಯಂತ್ರಗಳಲ್ಲಿ ಕಂಡಿದ್ದೇನೆ ಮತ್ತು ಬಹುಪಾಲು ಸಲ ತಪ್ಪು ಅಲ್ಲಿಯೇ ಇತ್ತು.

ನಾನಿರುವುದು ಹನುಮಂತನಗರದಲ್ಲಿ. ನೆರೆಹೊರೆಯ ವಿದ್ಯಾರ್ಥಿಗಳ ಹಳೆಯ ಕಂಪ್ಯೂಟರುಗಳನ್ನು ಸರಿಪಡಿಸಿ ಕೊಡುವ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಕೆಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಆರಂಭದ ದಿನಗಳಲ್ಲಿ ಅಕ್ಕನ ಮಗ ತಂದ ಲ್ಯಾಪ್‌ಟಾಪ್ ಒಂದರಲ್ಲಿ ಫೈಲುಗಳ ನಕಲು ಪ್ರತಿ ಸಲವೂ ಶೇಕಡಾ 63ರ ಹತ್ತಿರ ಬಂದು ನಿಲ್ಲುತ್ತಿತ್ತು. ಪೆನ್‌ಡ್ರೈವ್ ಬದಲಿಸಿದೆ, ಫೈಲನ್ನು ಮತ್ತೆ ಡೌನ್‌ಲೋಡ್ ಮಾಡಿದೆ, ರ‍್ಯಾಮ್ ತೆಗೆದು ಒರೆಸಿ ಕೂರಿಸಿದೆ. ಮೂರು ಸಂಜೆಗಳು ಹಾಗೆಯೇ ಕಳೆದವು. ನಾಲ್ಕನೆಯ ದಿನ ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿ ಸದ್ದಡಗಿದ ಮೇಲೆ ಅಂಗೈ ಊರುವ ಜಾಗಕ್ಕೆ ಕಿವಿ ಹಚ್ಚಿದಾಗ, ಒಳಗಿನಿಂದ ಒಂದೇ ಅಂತರದಲ್ಲಿ ಟಿಕ್, ಟಿಕ್ ಎಂಬ ಸಣ್ಣ ಸದ್ದು ಕೇಳಿಸಿತು. ಡಿಸ್ಕಿನ ಓದುವ ತಲೆಯು ಹಾಳಾದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಹಿಂದಿರುಗುತ್ತಿದ್ದ ಸದ್ದು ಅದು. ಇನ್‌ಸ್ಟಾಲ್ ಮಾಡುವ ತಂತ್ರಾಂಶಕ್ಕೆ ಇದು ತಿಳಿಯುವುದಿಲ್ಲ. ಡಿಸ್ಕಿನಿಂದ ಉತ್ತರ ಬರಲೆಂದು ಅದು ಕಾಯುತ್ತಾ ಕೂರುತ್ತದೆ, ನಮ್ಮ ಕಣ್ಣಿಗೆ ಮಾತ್ರ ಅದು ಸುಮ್ಮನೆ ನಿಂತಂತೆ ಕಾಣುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ, ಅದಕ್ಕೆ ಹಣವೂ ಬೇಕಿಲ್ಲ. ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ ಇರುವ (ತಯಾರಿಸುವ ಬಗೆ ಮುಂದೆ ಇದೆ) ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಆರಂಭಿಸಿದರೆ ಡಿಸ್ಕಿಗೆ ಏನನ್ನೂ ಬರೆಯದೆ ಇಡೀ ಓಎಸ್ ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ಅದರ ಮೆನುವಿನಲ್ಲಿ ಡಿಸ್ಕ್ಸ್ ಎಂಬ ತಂತ್ರಾಂಶವನ್ನು ತೆರೆದು, ನಿಮ್ಮ ಹಾರ್ಡ್ ಡಿಸ್ಕನ್ನು ಆರಿಸಿ, ಮೇಲಿನ ಮೂರು ಚುಕ್ಕೆಗಳ ಗುಂಡಿಯಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ) ಎಂಬುದನ್ನು ಒತ್ತಿ. ಪಟ್ಟಿ ಉದ್ದವಾಗಿದ್ದರೂ ನೋಡಬೇಕಾದ ಸಾಲುಗಳು ಎರಡೇ: ರಿಅಲೊಕೇಟೆಡ್ ಸೆಕ್ಟರ್ ಕೌಂಟ್ ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗ ಪಡೆದ ಭಾಗಗಳ ಲೆಕ್ಕ. ಎರಡನೆಯದು ಓದಲಾಗದೆ ಇನ್ನೂ ತೀರ್ಮಾನವಾಗದೆ ಉಳಿದ ಭಾಗಗಳ ಲೆಕ್ಕ. ಎರಡೂ ಸೊನ್ನೆಯಾಗಿದ್ದರೆ ಒಳ್ಳೆಯದು. ಎರಡನೆಯದು ಸೊನ್ನೆಗಿಂತ ಹೆಚ್ಚಿದ್ದರೆ ಆ ಡಿಸ್ಕಿಗೆ ಸಂಪ್ರಬಂಧದಂಥ ಬರಹವನ್ನು ಒಪ್ಪಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆ 312 ಇತ್ತು.

ಡಿಸ್ಕ್ ಚೆನ್ನಾಗಿದ್ದರೂ ಅದನ್ನು ತೆಗೆದು, ತಿರುಗುವ ಭಾಗಗಳಿಲ್ಲದೆ ಹೆಚ್ಚು ವೇಗವಾಗಿ ಓದುವ ಎಸ್‌ಎಸ್‌ಡಿ ಹಾಕಿಸಲು ಸಾಧ್ಯವಾದರೆ ಹಾಕಿಸಿ. ಆ ಕಾಲದ ಬಹುತೇಕ ಲ್ಯಾಪ್‌ಟಾಪುಗಳು 2.5 ಇಂಚಿನ ಸಾಟಾ (ಡಿಸ್ಕನ್ನು ಜೋಡಿಸುವ ಕನೆಕ್ಟರಿನ ಒಂದು ಬಗೆ) ಡಿಸ್ಕನ್ನೇ ಬಳಸುತ್ತವೆ, ಆದ್ದರಿಂದ ಅದೇ ಅಳತೆಯ 240 ಅಥವಾ 256 ಜಿಬಿ ಎಸ್‌ಎಸ್‌ಡಿ ಅದೇ ಜಾಗದಲ್ಲಿ ಕೂರುತ್ತದೆ. ಬ್ಯಾಟರಿ ತೆಗೆದು, ಕೆಲವು ತಿರುಪುಗಳನ್ನು ಬಿಚ್ಚಿ, ಹಳೆಯದನ್ನು ಜಾರಿಸಿ ಹೊಸದನ್ನು ತಳ್ಳುವಷ್ಟೇ ಕೆಲಸ. ಹಳೆಯ ಯಂತ್ರಕ್ಕೆ ಮಾಡುವ ಖರ್ಚಿನಲ್ಲಿ ಇದರಷ್ಟು ಪ್ರಯೋಜನ ಕೊಡುವುದು ಇನ್ನೊಂದಿಲ್ಲ. ರ‍್ಯಾಮನ್ನು 8 ಜಿಬಿಗೆ ಏರಿಸುವುದು ಅದರ ನಂತರದ ಮಾತು.

ಇನ್ನು ಯಾವ ಓಎಸ್ ಎಂಬ ಪ್ರಶ್ನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿತು, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ, ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಮತ್ತು ಅದರ ನಂತರದವುಗಳನ್ನಷ್ಟೇ ಒಪ್ಪುತ್ತದೆ. ವಿಂಡೋಸ್ 7 ಹಾಕಿ ಮಾರಿದ 4 ಜಿಬಿಯ ಯಂತ್ರ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಸಂಭವ ಬಹಳ ಕಡಿಮೆ. ಈ ತಡೆಗಳನ್ನು ದಾಟಿಸುವ ಉಪಾಯಗಳು ಚಾಲ್ತಿಯಲ್ಲಿವೆ, ಅಂಗಡಿಯವರು ನಕಲಿ ಆಕ್ಟಿವೇಶನ್ ಮಾಡಿ ಕೊಡುವುದೂ ಉಂಟು. ಎರಡನ್ನೂ ನಾನು ಒಪ್ಪುವುದಿಲ್ಲ. ಆಕ್ಟಿವೇಶನ್ ಮುರಿಯುವ ತಂತ್ರಾಂಶ ಕೆಲಸ ಮಾಡಬೇಕಾದರೆ ಮೊದಲು ಆಂಟಿವೈರಸ್ಸನ್ನು ಆಫ್ ಮಾಡಲು ಸಾಮಾನ್ಯವಾಗಿ ಹೇಳುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಯಂತ್ರದಲ್ಲಿ ಅಂಥದ್ದಕ್ಕೆ ಬಾಗಿಲು ತೆರೆಯಬಾರದು.

ಮಗಳ ಅಗತ್ಯ ಬರವಣಿಗೆ ಮತ್ತು ಇಂಟರ್ನೆಟ್ ಆದ್ದರಿಂದ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಆವೃತ್ತಿಯನ್ನು ಹಾಕಿ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮವಾಗಿ ನಡೆಯುತ್ತದೆ. 2024ರಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟುಗಳು ಸಿಗುತ್ತವೆ. ಪ್ರೊಸೆಸರ್ 64 ಬಿಟ್ಟಿನದಾಗಿರಬೇಕು, ಅಷ್ಟೇ. ಆಕೆ ಬಿ.ಕಾಂ. ಓದುತ್ತಿದ್ದು ಟ್ಯಾಲಿ ಬೇಕಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಟ್ಯಾಲಿ ವಿಂಡೋಸಿಗೆಂದೇ ತಯಾರಾದದ್ದು.

ಪೆನ್‌ಡ್ರೈವ್ 8 ಜಿಬಿಯದಾದರೆ ಸಾಕು. ಡೌನ್‌ಲೋಡ್ ಆದ ಫೈಲಿನ ಎಸ್‌ಎಚ್‌ಎ 256 ಮೊತ್ತವನ್ನು (ಫೈಲು ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಅಕ್ಷರ, ಅಂಕಿಗಳ ಸಾಲು) ಮಿಂಟಿನ ಜಾಲತಾಣದಲ್ಲಿ ಕೊಟ್ಟಿರುವುದರೊಂದಿಗೆ ಹೋಲಿಸಿ ನೋಡಿ, ಒಂದು ಅಕ್ಷರ ಬೇರೆಯಾದರೂ ಮತ್ತೆ ಇಳಿಸಿಕೊಳ್ಳಿ. ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶ ಬಳಸಿ ಅದನ್ನು ಪೆನ್‌ಡ್ರೈವಿಗೆ ಬರೆಯಿರಿ. ಕಂಪ್ಯೂಟರ್ ಆರಂಭಿಸುವಾಗ ಡೆಲ್ ಮತ್ತು ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಆರಂಭಿಸಬೇಕೆಂದು ಕೇಳುವ ಬೂಟ್ ಮೆನು ಸಾಮಾನ್ಯವಾಗಿ ಬರುತ್ತದೆ, ಅಲ್ಲಿ ಪೆನ್‌ಡ್ರೈವನ್ನು ಆರಿಸಿ. ಮುಂದಿನದನ್ನು ಪರದೆಯೇ ಹೇಳಿಕೊಡುತ್ತದೆ. ಡಿಸ್ಕನ್ನು ಪೂರ್ತಿ ಅಳಿಸಿ ಹಾಕುವ ಆಯ್ಕೆಯನ್ನೇ ಆರಿಸಿ, ಹಳೆಯ ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಳ್ಳಬೇಡಿ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ನಿಲ್ಲದಿದ್ದರೆ ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿಕೊಂಡು ಕೂರುವುದು ಕ್ಷೇಮ, ಮಳೆಗಾಲದ ಸಂಜೆಯಂತೂ ಈ ಕೆಲಸಕ್ಕೆ ಬೇಡ.

ವೈಫೈ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಕೆಲವು ಹಳೆಯ ಬ್ರಾಡ್‌ಕಾಮ್ ಕಾರ್ಡುಗಳ ಡ್ರೈವರನ್ನು (ಅವುಗಳನ್ನು ನಡೆಸುವ ತಂತ್ರಾಂಶ) ಬೇರೆಯಾಗಿ ಹಾಕಬೇಕಾಗುತ್ತದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದ ಸೇರಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ, ನಂತರ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದುದನ್ನು ಅದೇ ತೋರಿಸುತ್ತದೆ.

ಬಹಳ ಜನರು ದಾರಿ ತಪ್ಪುವ ಇನ್ನೊಂದು ಜಾಗವೆಂದರೆ ಗಡಿಯಾರ. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದಿದ್ದ ಲ್ಯಾಪ್‌ಟಾಪಿನ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಣ್ಣ ಸೆಲ್ಲು ಖಾಲಿಯಾಗಿದ್ದರೆ, ಚಾರ್ಜರ್ ತೆಗೆದಾಗಲೆಲ್ಲ ಯಂತ್ರದ ದಿನಾಂಕ ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ರೌಸರಿನಲ್ಲಿ ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ, ಏಕೆಂದರೆ ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಕೊನೆಯ ದಿನಾಂಕಗಳಿರುತ್ತವೆ, ಮತ್ತು ಯಂತ್ರದ ಲೆಕ್ಕದಲ್ಲಿ ಆ ಆರಂಭದ ದಿನ ಇನ್ನೂ ಬಂದೇ ಇರುವುದಿಲ್ಲ. ಇದನ್ನು ವೈರಸ್ ಎಂದು ತಿಳಿದು ಓಎಸ್ಸನ್ನು ಮತ್ತೆ ಹಾಕಿದವರನ್ನು ನಾನು ನೋಡಿದ್ದೇನೆ. ಓಎಸ್ಸಿಗೂ ಮೊದಲು ತೆರೆಯುವ, ಬಯೋಸ್ ಎಂಬ ಮೂಲ ಸೆಟ್ಟಿಂಗಿನ ಪರದೆಯಲ್ಲಿ ದಿನಾಂಕ ಸರಿಪಡಿಸಿ. ಮರುದಿನ ಮತ್ತೆ ತಪ್ಪಿದರೆ ಸೆಲ್ ಬದಲಿಸಿ. ಸಾಮಾನ್ಯವಾಗಿ ಅದು ಸಿಆರ್2032, ಆದರೆ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಎರಡು ತಂತಿ ಮತ್ತು ಪುಟ್ಟ ಕನೆಕ್ಟರ್ ಬೆಸೆದಿರುವುದುಂಟು, ಆದ್ದರಿಂದ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಕೊಂಡು ಹೆಚ್ಚು ದಿನ ಆಗಿಲ್ಲದಿದ್ದರೆ ಬಯೋಸಿಗೆ ಪಾಸ್‌ವರ್ಡ್ ಇದೆಯೇ ಎಂಬುದನ್ನೂ ಇಂದೇ ನೋಡಿ. ನಮ್ಮ ಊರಿನಲ್ಲಿ ಸಿಗುವ ಹಳೆಯ ಲ್ಯಾಪ್‌ಟಾಪುಗಳಲ್ಲಿ ಕಂಪನಿಗಳಿಂದ ಹೊರಬಂದವು ಬಹಳ. ಇದು ನಿಮ್ಮ ವಿಂಡೋಸ್ 7 ಯಂತ್ರಕ್ಕಿಂತ ಹೊಸತಾದವುಗಳ ಮಾತು, ಆದರೂ ಓದುವ ಇತರರಿಗಾಗಿ ಹೇಳುತ್ತೇನೆ: ವಿಂಡೋಸ್ ಹೊಸದಾಗಿ ಹಾಕಿದ ಮೇಲೂ ಯಾವುದೋ ಕಂಪನಿಯ ಹೆಸರಿನೊಂದಿಗೆ ಲಾಗಿನ್ ಕೇಳಿದರೆ ಆ ಯಂತ್ರ ಇನ್ನೂ ಅವರ ಲೆಕ್ಕದಲ್ಲೇ ಇದೆ ಎಂದರ್ಥ. ಆ ದಾಖಲೆ ಮೈಕ್ರೋಸಾಫ್ಟಿನ ಸರ್ವರಿನಲ್ಲಿರುವುದರಿಂದ ಡಿಸ್ಕ್ ಅಳಿಸಿದರೆ ಹೋಗುವುದಿಲ್ಲ. ಮಾರಿದವರಿಗೆ ಹಿಂದಿರುಗಿಸುವುದೇ ಸರಿ.

ಹಳೆಯ ಡಿಸ್ಕಿನಲ್ಲಿ ಹಿಂದಿನವರ ಫೋಟೋ, ಕಾಗದಪತ್ರಗಳು ಉಳಿದಿರುತ್ತವೆ. ಅವುಗಳನ್ನು ತೆರೆದು ನೋಡದೆ, ಓಎಸ್ ಹಾಕುವ ಮೊದಲೇ ಡಿಸ್ಕ್ಸ್ ತಂತ್ರಾಂಶದಲ್ಲಿ ಫಾರ್ಮ್ಯಾಟ್ ಮಾಡುವಾಗ ಸೊನ್ನೆಗಳಿಂದ ತುಂಬಿಸುವ ಆಯ್ಕೆ ಒತ್ತಿ. 500 ಜಿಬಿಗೆ ಒಂದೂವರೆ, ಎರಡು ಗಂಟೆ ಹಿಡಿಯಬಹುದು. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅವೆಲ್ಲ ಮರಳಿ ಪಡೆಯಬಹುದಾದ ಸ್ಥಿತಿಯಲ್ಲೇ ಇರುತ್ತವೆ.

ಕಡೆಯದಾಗಿ ಕನ್ನಡ. ಮಿಂಟಿನಲ್ಲಿ ಐಬಸ್ (ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ಬಳಸುವ ತಂತ್ರಾಂಶ) ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಹಾಕಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂಬ ಕೀಲಿಮಣೆ ಸಿಗುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಅಂದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಗುಬ್ಬಿ, ನವಿಲು ಎಂಬ ಫಾಂಟುಗಳು ಉಚಿತವಾಗಿ ಸಿಗುತ್ತವೆ, ಲಿಬ್ರೆ ಆಫೀಸ್ ಮಿಂಟಿನ ಜೊತೆಯಲ್ಲೇ ಬರುತ್ತದೆ. ಮಾರ್ಗದರ್ಶಕರು ಕಳುಹಿಸಿದ ಫೈಲು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಲ್ಯಾಪ್‌ಟಾಪನ್ನು ದೂರಬೇಡಿ. ಅದು ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಫೈಲು. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಕೊಳ್ಳಿ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾರೆ ಓದಿ ನೋಡಿ, ತಪ್ಪುಗಳು ಅಲ್ಲೇ ಉಳಿಯುವುದು ಹೆಚ್ಚು. ಮಗಳು ಹೊಸ ಅಧ್ಯಾಯಗಳನ್ನು ಯೂನಿಕೋಡಿನಲ್ಲೇ ಬರೆಯಲಿ, ವಾರಕ್ಕೊಮ್ಮೆ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡಲಿ.

ಡಿಸ್ಕಿನ ಆ ಎರಡು ಸಾಲುಗಳ ಸಂಖ್ಯೆಯನ್ನೂ ಲ್ಯಾಪ್‌ಟಾಪಿನ ಮಾಡೆಲನ್ನೂ ಇಲ್ಲಿ ಬರೆದರೆ, ಯಾವ ಅಳತೆಯ ಎಸ್‌ಎಸ್‌ಡಿ ಕೂರುತ್ತದೆ, ರ‍್ಯಾಮ್ ಎಷ್ಟರವರೆಗೆ ಏರಿಸಬಹುದು ಎಂಬುದನ್ನು ನೋಡಿ ಹೇಳುತ್ತೇನೆ.